ಗೇರ್‌ಬಾಕ್ಸಿನ ಕಾವು

ಕುಬೇರಪ್ಪನಿಗೆ ಅನುಮಾನ ಎನ್ನುವುದು ಬೆಳಗಿನ ಚಹಾ ಇದ್ದ ಹಾಗೆ, ಒಂದು ದಿನ ತಪ್ಪಿದರೂ ತಲೆನೋವು ಬರುತ್ತಿತ್ತು. ಹಾಲಿನವನು ನೀರು ಬೆರೆಸುತ್ತಾನೆ, ಕರೆಂಟಿನ ಮೀಟರು ಮನೆಯಲ್ಲಿ ಯಾರೂ ಇಲ್ಲದಾಗಲೂ ಓಡುತ್ತದೆ, ಎದುರು ಮನೆಯವರು ಬೇಕೆಂದೇ ತನ್ನ ಗೇಟಿನ ಕಡೆಗೆ ಕಸ ಗುಡಿಸುತ್ತಾರೆ. ದಾವಣಗೆರೆಯ ಇಡೀ ನಿಜಲಿಂಗಪ್ಪ ಬಡಾವಣೆಯಲ್ಲಿ ಅವನ ಕಣ್ಣಿಗೆ ಒಬ್ಬ ಸಾಚಾ ಮನುಷ್ಯ ಬಿದ್ದಿರಲಿಲ್ಲ. ಇಂಥವನು ಜೀವಮಾನದಲ್ಲಿ ಅನುಮಾನ ಪಡದೆ ಬಿಟ್ಟವನು ಒಬ್ಬನೇ. ಅವನ ಡೀಸೆಲ್ ಪಿಕಪ್ ಓಡಿಸುವ ಕೊಂಡಜ್ಜಿ ಊರಿನ ಪಾಲಯ್ಯ.

ಅದಕ್ಕೆ ಕಾರಣವೂ ಇತ್ತು. ಕುಬೇರಪ್ಪನದು ಮಂಡಕ್ಕಿ ಹುರಿಯುವ ಭಟ್ಟಿ. ಒಂಬತ್ತು ವರ್ಷದ ಹಿಂದೆ, ಪಾಲಯ್ಯ ಕೆಲಸಕ್ಕೆ ಸೇರಿದ ಹೊಸದರಲ್ಲೇ, ಕುಬೇರಪ್ಪ ಟೈಫಾಯ್ಡ್ ಹಿಡಿದು ತಿಂಗಳುಗಟ್ಟಲೆ ಮಲಗಿದ. ಆಗ ಭಟ್ಟಿಗೆ ಭತ್ತ ತಂದು, ಹುರಿಸಿ, ಚೀಲ ತುಂಬಿಸಿ, ಹರಿಹರದ ಅಂಗಡಿಗಳಿಗೆ ಮುಟ್ಟಿಸಿ, ಸಂಜೆ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಒಪ್ಪಿಸಿ ಹೋಗುತ್ತಿದ್ದವನು ಪಾಲಯ್ಯ. "ಕುಬೇರಣ್ಣ, ಗಂಜಿ ಕುಡದ್ರೋ ಇಲ್ಲೋ?" ಎಂದು ಕೇಳದೆ ಎದ್ದವನಲ್ಲ. ಹಾಸಿಗೆ ಬಿಟ್ಟು ಎದ್ದ ಕುಬೇರಪ್ಪ ಭಟ್ಟಿಗೆ ಹೋಗಿ ಮೂಲೆ ಮೂಲೆ ತಡಕಾಡಿದ. ತಪ್ಪು ಸಿಗಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು. ಆದರೆ ಅಂದಿನಿಂದ ಪಾಲಯ್ಯನ ಮಾತೆಂದರೆ ಮುಗಿಯಿತು, ಮರುಪ್ರಶ್ನೆ ಇಲ್ಲ.

ಈ ನಂಬಿಕೆಗೆ ಕಲ್ಲು ಬಿದ್ದದ್ದು ಎರಡು ತಿಂಗಳ ಹಿಂದೆ, ಗೇರ್‌ಬಾಕ್ಸಿನ ದೆಸೆಯಿಂದ. ಹರಿಹರದ ಹತ್ತಿರ ಪಿಕಪ್ ಕರಕರ ಅಂದು ನಿಂತಿತು. ಅಲ್ಲೇ ಗ್ಯಾರೇಜು ಇಟ್ಟುಕೊಂಡಿರುವ ಅಂಜನ್ ಕುಮಾರ್ ಅದನ್ನು ಎಳೆಸಿಕೊಂಡು ಹೋಗಿ ಬಿಚ್ಚಿದ. ಒಳಗಿನ ಎಣ್ಣೆ ಕಾಡಿಗೆಯ ಹಾಗೆ ಆಗಿತ್ತು.

"ಗೇರ್‌ಬಾಕ್ಸ್ ಕಾದು ಎಣ್ಣೆ ಸುಟ್ಟೈತ್ರಿ ಸಾವ್ಕಾರ್ರೆ," ಅಂದ ಅಂಜನ್, ಕೈ ಒರೆಸಿಕೊಳ್ಳುತ್ತ. "ಸೀಲ್ ಸೋರಿ ಎಣ್ಣೆ ಕಡಿಮಿ ಆಗಿರಬೌದು, ಬೇರಿಂಗ್ ಸವದಿರಬೌದು, ಇಲ್ಲಾ ತಡಿಯಲಾರದಷ್ಟು ಲೋಡ್ ಎಳದಿರಬೌದು. ಸೀಲು, ಬೇರಿಂಗು ಎರಡೂ ಹೊಸಾವು ಹಾಕೀನಿ. ಇನ್ನ ಚಿಂತಿ ಬ್ಯಾಡ."

ಮೂರು ಕಾರಣ ಹೇಳಿದ ಅಂಜನ್. ಕುಬೇರಪ್ಪನ ಕಿವಿಗೆ ಹೊಕ್ಕದ್ದು ಮೂರನೆಯದೊಂದೇ. ಲೋಡು! ಮಂಡಕ್ಕಿ ತುಂಬಿದ ಪಿಕಪ್ ನೋಡಲಿಕ್ಕೆ ಗುಡ್ಡ, ತೂಕಕ್ಕೆ ಹತ್ತಿ. ಮೂವತ್ತು ಚೀಲ ಹೇರಿದರೂ ಗಾಡಿಯ ಸ್ಪ್ರಿಂಗ್ ಪಟ್ಟಿಗಳು ಬಗ್ಗುವುದಿಲ್ಲ. ಅಂಥ ಗಾಡಿಯ ಗೇರ್‌ಬಾಕ್ಸ್ ಕಾಯುತ್ತದೆ ಎಂದರೆ ಅದರಲ್ಲಿ ಮಂಡಕ್ಕಿಯಲ್ಲದೆ ಇನ್ನೇನೋ ಹೋಗುತ್ತಿದೆ. ಇನ್ನೇನು? ಹರಿಹರದ ಮಗ್ಗುಲಲ್ಲೇ ತುಂಗಭದ್ರೆ. ಹೊಳೆಯ ದಂಡೆಯಲ್ಲಿ ಮರಳು. ಕದ್ದು ಹೇರುವ ಮರಳಿಗೆ ಊರೆಲ್ಲ ಗಿರಾಕಿ. ಕುಬೇರಪ್ಪ ಕೂತಿದ್ದ ಗ್ಯಾರೇಜಿನ ಸ್ಟೂಲನ್ನು ಅಂಜನ್ ಹತ್ತಿರಕ್ಕೆ ಎಳೆದುಕೊಂಡ.

"ಗೇರ್‌ಬಾಕ್ಸ್ ಎಷ್ಟು ಕಾಯ್ತೈತೆ ಅಂತ ನೋಡೋ ಸಾಮಾನು ಏನಾರ ಐತೇನೋ?" ಎಂದು ಕೇಳಿದ.

ಇತ್ತು. ಹೆಬ್ಬೆರಳಿನಷ್ಟು ಉದ್ದದ ಸೆನ್ಸರು. ಗೇರ್‌ಬಾಕ್ಸಿನ ಮೈಗೆ ಕೂರಿಸಿ, ವಯರು ಎಳೆದು, ಡ್ರೈವರಿನ ಮುಂದೆ ಮುಳ್ಳಿರುವ ಸಣ್ಣ ಮೀಟರು ಹಾಕುವುದು. "ಎಂಬತ್ತು ಡಿಗ್ರಿ ಒಳಗೆ ಇದ್ರೆ ಆರಾಮ. ನೂರು ದಾಟಿತು ಅಂದ್ರೆ ಎಣ್ಣಿ ಸುಡಾಕ ಹತ್ತೈತೆ ಅಂತ ಲೆಕ್ಕ. ಪಾಲಯ್ಯಣ್ಣ ಮುಳ್ಳು ನೋಡಿ ಗಾಡಿ ನಿಲ್ಸಿ ಆರಿಸ್ಕೊಂತಾನೆ," ಅಂದ ಅಂಜನ್.

"ಡ್ರೈವರ್ ಮುಂದ ಬ್ಯಾಡ. ನನ್ನ ಫೋನಿಗೆ ಬರಬೇಕು. ಗಾಡಿ ಎಲ್ಲೈತೆ ಅಂತಾನೂ ತೋರಿಸಬೇಕು. ಅವನಿಗೆ ಮಾತ್ರ ಗೊತ್ತಾಗಬಾರ್ದು."

ಅಂಜನ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಪಾಲಯ್ಯನ ಮೇಲೆ ಅವನಿಗೂ ಗೌರವವಿತ್ತು. ಆದರೆ ಗಾಡಿ ಯಾರದೋ ಅವರ ಮಾತು ಕೇಳಬೇಕಾದದ್ದು ಗ್ಯಾರೇಜಿನವನ ಕರ್ಮ. ಸಿಮ್ ಹಾಕಿದ ಒಂದು ಕರಿ ಡಬ್ಬಿ ತರಿಸಿ, ಸೆನ್ಸರಿಗೆ ಜೋಡಿಸಿ, ಗೇರ್‌ಬಾಕ್ಸಿನ ಮೇಲ್ಭಾಗಕ್ಕೆ ಬಿಗಿದುಕೊಟ್ಟ. ಫೋನಿನಲ್ಲಿ ಅಂಕಿ ಮೂಡಿತು.

ಮನೆಗೆ ತಂದ ಮೇಲೆ ಕುಬೇರಪ್ಪ ಗಾಡಿಯ ಕೆಳಗೆ ಬಗ್ಗಿ ನೋಡಿದ. ಡಬ್ಬಿಯ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಪಾಲಯ್ಯ ವಾರಕ್ಕೊಮ್ಮೆ ಕೆಳಗೆ ನುಗ್ಗಿ ನಟ್ಟು ಬೋಲ್ಟು ನೋಡುವವನು, ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ, ಪಾಲಯ್ಯ ರಜೆಯಲ್ಲಿದ್ದಾಗ, ಕುಬೇರಪ್ಪ ಹಳೇ ಲುಂಗಿ ಉಟ್ಟು ತಾನೇ ಕೆಳಗೆ ಮಲಗಿದ. ಭಟ್ಟಿಯ ಹಳೇ ಗೋಣಿಚೀಲ ಎರಡು ಮಡಿಕೆ ಮಾಡಿ ಡಬ್ಬಿಯ ಸಮೇತ ಗೇರ್‌ಬಾಕ್ಸಿನ ಅರ್ಧ ಮೈಗೆ ಹೊದಿಸಿ, ಮೇಲೆ ತಾಡಪಾಲಿನ ತುಂಡು ಸುತ್ತಿ, ತಂತಿ ಬಿಗಿದು, ಗ್ರೀಸು ಮಣ್ಣು ಬಳಿದ. ಎದ್ದು ನೋಡಿಕೊಂಡ. ಹತ್ತು ವರ್ಷದ ಹಳೇ ಕೊಳೆಯ ಹಾಗೆಯೇ ಕಾಣುತ್ತಿತ್ತು. ತನ್ನ ಕೈಚಳಕಕ್ಕೆ ತಾನೇ ಮೆಚ್ಚಿಕೊಂಡು ಸ್ನಾನಕ್ಕೆ ಹೋದ.

ಅಂದಿನಿಂದ ಶುರುವಾಯಿತು ನೋಡಿ. ಭಟ್ಟಿಯಲ್ಲಿ ಕೂತರೆ ಫೋನು, ಊಟಕ್ಕೆ ಕೂತರೆ ಫೋನು, ಬೀಗರ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಗೆ ಕೂತಾಗಲೂ ಎಡಗೈಯಲ್ಲಿ ಫೋನು. ಗಾಡಿ ದಾವಣಗೆರೆ ಬಿಡುವಾಗ ಅರವತ್ತು. ಬಾತಿ ದಾಟುವಾಗ ಎಂಬತ್ತೈದು. ಹರಿಹರ ಮುಟ್ಟುವಾಗ ತೊಂಬತ್ತೆಂಟು. ಕುಬೇರಪ್ಪನಿಗೆ ಅಂಕಿ ಏರಿದಷ್ಟೂ ಒಂದು ಬಗೆಯ ಖುಷಿ, ಆ ಖುಷಿಯ ಬೆನ್ನಿಗೇ ಪಾಲಯ್ಯನೂ ಇಂಥವನೇ ಎಂಬ ಸಂಕಟ. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಸನ್ನಿಧಿಗೆ ಜನ ಕಿಕ್ಕಿರಿದು ಬರುತ್ತಾರೆ, ಅಲ್ಲಿನ ಅಂಗಡಿಗಳಿಗೆ ಅವನದೇ ಮಂಡಕ್ಕಿ. ಮೊದಲ ಅಮಾವಾಸ್ಯೆಯ ದಿನ ಮಲೆಬೆನ್ನೂರು ದಾಟಿದ ಮೇಲೆ ಅಂಕಿ ನೂರಾ ಹನ್ನೆರಡಕ್ಕೆ ಏರಿತು. ಆಮೇಲೆ ಗಾಡಿ ಕಾಲುವೆಯ ಪಕ್ಕ, ಊರಿಲ್ಲದ, ಅಂಗಡಿಯಿಲ್ಲದ ಕಡೆ ನಲವತ್ತು ನಿಮಿಷ ನಿಂತುಬಿಟ್ಟಿತು.

ಸಂಜೆ ಪಾಲಯ್ಯ ಬಂದಾಗ ಕುಬೇರಪ್ಪ ಸಹಜವಾಗಿ ಕೇಳಿದ ಹಾಗೆ ಕೇಳಿದ. "ದಾರ್‍ಯಾಗೆ ಎಲ್ಲೂ ನಿಲ್ಲಲಿಲ್ಲಲ್ಲ?"

"ಎಲ್ಲೈತಣ್ಣ ನಿಲ್ಲಾಕ ಟೈಮು? ಸೀದಾ ಹೋಗಿ ಸೀದಾ ಬಂದೆ," ಅಂದ ಪಾಲಯ್ಯ, ಕಣ್ಣು ತಪ್ಪಿಸಿ.

ಕಣ್ಣು ತಪ್ಪಿಸಿದ್ದು ನಿಜ. ಒಂಬತ್ತು ವರ್ಷದಲ್ಲಿ ಪಾಲಯ್ಯ ಹೇಳಿದ ಮೊದಲ ಸುಳ್ಳು ಅದು. ಕುಬೇರಪ್ಪನಿಗೆ ಅನ್ನ ಇಳಿಯಲಿಲ್ಲ.

ಮರುದಿನ ಗಾಡಿಯ ಹಿಂಭಾಗ ಹತ್ತಿ ಹುಡುಕಿದ. ಮೂಲೆಯಲ್ಲಿ ಒಂದು ಹಿಡಿ ಮರಳು ಸಿಕ್ಕಿತು. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಓಡಿ ಬಂದು ಹೆಂಡತಿಯ ಮುಂದೆ ಬಿಚ್ಚಿದ. ನೇತ್ರಾವತಿ ರೊಟ್ಟಿ ತಟ್ಟುತ್ತಿದ್ದಳು.

"ಇದೇನ್ರಿ?"

"ಮರಳು! ನಮ್ಮ ಗಾಡಿಯಾಗೆ!"

"ಮಂಡಕ್ಕಿ ಮರಳಿನಾಗಲ್ದೆ ಸಕ್ಕರಿಯಾಗೆ ಹುರೀತಾರೇನ್ರಿ? ನಿಮ್ಮ ಚೀಲ, ನಿಮ್ಮ ಚಪ್ಪಲಿ, ನಿಮ್ಮ ಕಿವಿ, ಎಲ್ಲಾ ಕಡೆ ಅದೇ ಮರಳೈತೆ."

"ಭಟ್ಟಿ ಮರಳು ಕರ್‍ರಗಿರ್ತೈತೆ. ಇದು ಸ್ವಲ್ಪ ಬೆಳ್ಳಗೈತೆ, ಸರಿಯಾಗಿ ನೋಡು."

ನೇತ್ರಾವತಿ ಸರಿಯಾಗಿ ನೋಡಿದಳು, ಮರಳನ್ನಲ್ಲ, ಗಂಡನನ್ನು. "ಪಾಲಯ್ಯನ್ನ ಕರೆದು ಒಂದ್ ಮಾತು ಕೇಳಿಬಿಡ್ರಿ. ಒಳಗೊಳಗೇ ಹಿಂಗ್ ಬೇಯೋದು ಯಾಕ? ನೀವು ಕಾಯಿಲೆ ಬಿದ್ದಾಗ ಅಂವ ಮಾಡಿದ್ದನ್ನ ನಾನಂತೂ ಮರ್ತಿಲ್ಲ."

ಮರೆತಿರಲಿಲ್ಲ ಕುಬೇರಪ್ಪನೂ. ನೋವು ಇದ್ದದ್ದೇ ಅಲ್ಲಿ. ಪಾಲಯ್ಯನೂ ಕಳ್ಳ ಎಂದಾದರೆ ಲೋಕದಲ್ಲಿ ತಾನು ನಂಬುವವರೇ ಇಲ್ಲ ಎಂದಾಯಿತಲ್ಲ! ಕೇಳಿದರೆ ಅವನು ಇಲ್ಲ ಎನ್ನುತ್ತಾನೆ. ಆಗ ಅದನ್ನೂ ನಂಬುವುದು ಹೇಗೆ? ಕೈಯಲ್ಲಿ ಹಿಡಿಯಬೇಕು, ಕಣ್ಣಾರೆ ನೋಡಬೇಕು. ಮುಂದಿನ ಅಮಾವಾಸ್ಯೆಗೆ ಹಿಂದೆ ಹೋಗುವುದು, ಸಿಕ್ಕಿದರೆ ಅಲ್ಲೇ ಕೆಲಸ ಬಿಡಿಸಿ ಕಳಿಸುವುದು ಎಂದು ನಿಶ್ಚಯಿಸಿಬಿಟ್ಟ.

ಅಷ್ಟರಲ್ಲಿ ಪಾಲಯ್ಯ ತಾನಾಗಿಯೇ ಒಂದು ದಿನ ಫೋನು ಮಾಡಿದ. "ಕುಬೇರಣ್ಣ, ಗಾಡಿ ಕೆಳಗಿಂದ ಏನೋ ಸುಟ್ಟ ವಾಸನಿ ಬರಾಕ ಹತ್ತೈತೆ. ಗೇರೂ ಬಿಗಿ ಆಗ್ಯಾವು. ಅಂಜನ್‌ಗೆ ಒಂದ್ಸರಿ ತೋರಸ್ಲೇನು?"

ಓಹೋ, ಸುಳಿವು ಹತ್ತಿದೆ ಇವನಿಗೆ, ಡಬ್ಬಿ ಬಿಚ್ಚಿಸುವ ಉಪಾಯ ಎಂದುಕೊಂಡ ಕುಬೇರಪ್ಪ. "ಬ್ಯಾಡ. ಹೊಸಾ ಬೇರಿಂಗು, ಹೊಂದಿಕೊಳ್ಳೋ ತನಕ ಹಂಗೇ ಇರ್ತೈತೆ. ಗ್ಯಾರೇಜಿನ ಕಡೆ ತಲೆ ಹಾಕಬ್ಯಾಡ," ಎಂದು ಫೋನು ಇಟ್ಟ.

ಅಮಾವಾಸ್ಯೆ ಬಂತು. ಪಾಲಯ್ಯ ಬೆಳಿಗ್ಗೆ ಏಳಕ್ಕೆ ಲೋಡು ಹಾಕಿಕೊಂಡು ಹೊರಟ. ಹದಿನೈದು ನಿಮಿಷ ಬಿಟ್ಟು ಕುಬೇರಪ್ಪ ಬೈಕು ಹತ್ತಿದ. ತಲೆಗೆ ಟವೆಲು, ಕಣ್ಣಿಗೆ ಕರಿ ಕನ್ನಡಕ. ಐವತ್ತೆರಡು ವರ್ಷದ ಮಂಡಕ್ಕಿ ಸಾವ್ಕಾರ ಪತ್ತೇದಾರಿಕೆಗೆ ಹೊರಟ ಅವತಾರ ಕಂಡು ನೇತ್ರಾವತಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಹರಿಹರ ದಾಟಿತು. ಮಲೆಬೆನ್ನೂರು ದಾಟಿತು. ಫೋನಿನಲ್ಲಿ ನೂರಾ ಹದಿನಾರು. ಗಾಡಿ ನಿಂತಿತು. ಅದೇ ಕಾಲುವೆ, ಅದೇ ಜಾಗ. ಕುಬೇರಪ್ಪ ಬೈಕನ್ನು ದೂರದಲ್ಲಿ ಬೇವಿನ ಮರಕ್ಕೆ ಒರಗಿಸಿ, ಭತ್ತದ ಗದ್ದೆಯ ಬದುವಿನ ಮೇಲೆ ಬಗ್ಗಿ ಬಗ್ಗಿ ನಡೆದ. ಸಿಗಬೇಕು ಎನ್ನುತ್ತಿತ್ತು ಒಂದು ಮನಸ್ಸು, ದೇವರೇ ಸಿಗದಿರಲಿ ಎನ್ನುತ್ತಿತ್ತು ಇನ್ನೊಂದು.

ಹತ್ತಿರ ಹೋಗಿ ನೋಡಿದರೆ ಬೇರೆ ಗಾಡಿಯಿಲ್ಲ, ಆಳುಗಳಿಲ್ಲ. ಮಂಡಕ್ಕಿ ಚೀಲದ ಹಗ್ಗ ಬಿಚ್ಚಿರಲಿಲ್ಲ. ಕಾಲುವೆಯಲ್ಲಿ ಅದ್ದಿ ತಂದ ಒದ್ದೆ ಬಟ್ಟೆಗಳು ರಸ್ತೆಯ ಮೇಲೆ ಬಿದ್ದಿದ್ದವು. ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಪಾಲಯ್ಯಾ!"

ಕೆಳಗೆ ತಲೆ ಬಡಿದ ಸದ್ದಾಯಿತು. ಪಾಲಯ್ಯ ತೆವಳಿ ಹೊರಗೆ ಬಂದ. ಮುಖವೆಲ್ಲ ಮಸಿ. ಒಂದು ಕೈಯಲ್ಲಿ ಕಮರಿ ಕರಿಯಾದ ಗೋಣಿಯ ಚೂರುಗಳು, ಇನ್ನೊಂದರಲ್ಲಿ ವಯರು ನೇತಾಡುತ್ತಿದ್ದ ಡಬ್ಬಿ. ಬೆರಳುಗಳ ತುದಿ ಸುಟ್ಟು ಬೊಬ್ಬೆ ಎದ್ದಿತ್ತು.

"ಕುಬೇರಣ್ಣ! ದೇವ್ರು ಬಂದಂಗೆ ಬಂದ್ರಿ. ನೋಡ್ರಿ ಇಲ್ಲಿ! ಯಾರೋ ನಮ್ಮ ಗಾಡಿಗೆ ಏನೋ ಕಟ್ಯಾರೆ. ಗಾಳಿ ಆಡದಂಗೆ ಗೋಣಿ ಹೊದಿಸಿ, ತಾಡಪಾಲು ಬಿಗದಾರೆ. ಗೇರ್‌ಬಾಕ್ಸ್ ಕಾಯದೆ ಇನ್ನೇನ್ ಮಾಡ್ತೈತೆ? ಇವತ್ತು ಗೋಣಿಗೇ ಬೆಂಕಿ ಹತ್ತಿತ್ತು. ಇನ್ನ ಎರಡು ಮೈಲಿ ಹೋಗಿದ್ರೆ ಗಾಡಿ, ಮಂಡಕ್ಕಿ, ನಾನು, ಎಲ್ಲಾ ಬೂದಿ."

ಕುಬೇರಪ್ಪ ಕರಿ ಕನ್ನಡಕ ತೆಗೆದು ನೋಡಿದ. ಗ್ರೀಸು ಬಳಿದ ತನ್ನ ಕೈಚಳಕ ಪಾಲಯ್ಯನ ಅಂಗೈಯಲ್ಲಿ ಹೊಗೆಯಾಡುತ್ತಿತ್ತು. ಗಾಡಿಯನ್ನು ಕಾಯಿಸಿದ್ದು ಮರಳಲ್ಲ, ತಾನು.

"ಬೇಕಂತ್ಲೇ ಮಾಡಿದ ಕೆಲಸ ಇದು," ಅಂದ ಪಾಲಯ್ಯ, ಉಸಿರು ಎಳೆದುಕೊಳ್ಳುತ್ತ. "ಯಾರ ಮ್ಯಾಲೆ ಅನುಮಾನ ಐತಣ್ಣ ನಿಮಗೆ?"

ಆಗ ಒಂದು ಮಾತು ಸಾಕಾಗಿತ್ತು. ನಾನೇ ಕಣೋ ಅಂದಿದ್ದರೆ ಮುಗಿಯುತ್ತಿತ್ತು, ಅಷ್ಟು ಒಳ್ಳೆಯ ಮುಹೂರ್ತ ಮತ್ತೆ ಬರುವುದಿಲ್ಲ. ಆದರೆ ಜೀವಮಾನವೆಲ್ಲ ಬೇರೆಯವರ ತಪ್ಪು ಹುಡುಕಿದವನಿಗೆ ತನ್ನದನ್ನು ಬಾಯಿಬಿಟ್ಟು ಹೇಳುವ ರೂಢಿ ಎಲ್ಲಿಂದ ಬರಬೇಕು?

"ಅಂಜನ್ ಇರಬೌದೇನೋ," ಅಂದುಬಿಟ್ಟ ಕುಬೇರಪ್ಪ. "ಅವನ ಗ್ಯಾರೇಜಿನಾಗೇ ಅಲ್ವಾ ಗಾಡಿ ಇದ್ದದ್ದು."

ಪಾಲಯ್ಯನ ಕಣ್ಣು ಕೆಂಪಾದವು. "ಅವನೇ? ನಡೀರಿ ಹಂಗಾದ್ರೆ, ಕೇಳೇಬಿಡಣ. ಮಂಡಕ್ಕಿ ಮಧ್ಯಾಹ್ನ ಮುಟ್ಟಿದ್ರೂ ನಡೀತೈತೆ."

ಬೈಕನ್ನು ಅಲ್ಲೇ ಪಂಪುಸೆಟ್ಟಿನ ಮನೆಯವರಿಗೆ ಒಪ್ಪಿಸಿ ಕುಬೇರಪ್ಪ ಪಾಲಯ್ಯನ ಪಕ್ಕದಲ್ಲಿ ಕೂತ. ಡಬ್ಬಿ ಇಬ್ಬರ ನಡುವೆ ಸೀಟಿನ ಮೇಲಿತ್ತು. ಗಾಡಿ ಹರಿಹರದ ಕಡೆಗೆ ತಿರುಗಿತು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತಿತ್ತು.

"ಈಗ ನೋಡ್ರಿ, ಹೆಂಗ್ ಐತೆ," ಅಂದ ಪಾಲಯ್ಯ. ಮಾತಿನ ಚೀಲ ಬಿಚ್ಚಿತು. "ನಿಮ್ಮ ಮುಂದ ಒಂದ್ ಸುಳ್ಳು ಹೇಳಿದ್ದೆ ಅಣ್ಣ. ಹೋದ ಅಮಾಸಿಗೂ ಇಲ್ಲೇ ನಿಂತಿದ್ದೆ. ಕಾಲುವಿ ನೀರಾಗೆ ಬಟ್ಟಿ ಅದ್ದಿ ಮ್ಯಾಲಿಂದ ಒತ್ತಿ ಆರಿಸ್ತಿದ್ದೆ. ಹೇಳಿದ್ರೆ ನಿಮಗೆ ಚಿಂತಿ ಆಗ್ತೈತೆ, ಗಾಡಿ ಮತ್ತೆ ಗ್ಯಾರೇಜಿಗೆ ಹೋದ್ರೆ ಭಟ್ಟಿ ನಿಲ್ತೈತೆ ಅಂತ ಮುಚ್ಚಿಟ್ಟೆ. ನನ್ನ ಕೈಯಾಗೇ ಗಾಡಿ ಸಾಯಾಕ ಹತ್ತೈತೆ ಅಂತ ನಿದ್ದಿ ಬಂದಿಲ್ಲ ನೋಡ್ರಿ."

ಕುಬೇರಪ್ಪ ಕಿಟಕಿಯ ಕಡೆ ಮುಖ ಮಾಡಿದ. ಅವನಿಗೆ ಅಳು ಬರುವ ಹಾಗಾಗಿತ್ತು. ಹರಿಹರ ಇನ್ನು ಹತ್ತು ಕಿಲೋಮೀಟರು. ಅಲ್ಲಿ ಅಂಜನ್ ಒಂದೇ ಮಾತಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತಾನೆ. ಅಷ್ಟರೊಳಗೆ ತಾನೇ ಹೇಳಬೇಕು. ಮುಂದಿನ ಸೇತುವೆ ಬರಲಿ, ಹೇಳುತ್ತೇನೆ ಎಂದುಕೊಂಡ. ಸೇತುವೆ ಹಿಂದೆ ಹೋಯಿತು. ಆ ಪೆಟ್ರೋಲ್ ಬಂಕು ಬರಲಿ ಎಂದುಕೊಂಡ. ಅದೂ ಹಿಂದೆ ಹೋಯಿತು.

ಪಾಲಯ್ಯನ ಮಾತು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತ ಬಂತು. ಒಮ್ಮೆ ಡಬ್ಬಿಯ ಕಡೆ ನೋಡಿದ. ಒಮ್ಮೆ ಕುಬೇರಪ್ಪನ ತೊಡೆಯ ಮೇಲಿದ್ದ ಟವೆಲು, ಕರಿ ಕನ್ನಡಕಗಳ ಕಡೆ ನೋಡಿದ.

"ಕುಬೇರಣ್ಣ, ನಾನು ಅಲ್ಲಿ ನಿಂತಿದ್ದು ನಿಮಗೆ ಹೆಂಗ್ ಗೊತ್ತಾತು?"

"ನಾನಾ? ನಾನು... ಅಮಾಸಿ ಅಲ್ವಾ, ಅಜ್ಜಯ್ಯನ ದರ್ಶನಕ್ಕೆ ಹೊಂಟಿದ್ದೆ."

ಒಂಬತ್ತು ವರ್ಷದಲ್ಲಿ ಪಾಲಯ್ಯ ನೂರು ಸಲ ಕರೆದಿದ್ದರೂ ಉಕ್ಕಡಗಾತ್ರಿಗೆ ಒಮ್ಮೆಯೂ ಬಾರದಿದ್ದವನು ಕುಬೇರಪ್ಪ. ಪಾಲಯ್ಯ ತಲೆಯಾಡಿಸಿದ, ಅಷ್ಟೇ.

ಹರಿಹರ ಬಂತು. ಗ್ಯಾರೇಜು ಬಂತು. ಅಂಜನ್ ಹೊರಗೇ ನಿಂತಿದ್ದ, ಗಾಡಿ ಗುರುತಿಸಿ ಕೈ ಎತ್ತಿದ. ಪಾಲಯ್ಯನೂ ಕೈ ಎತ್ತಿದ, ಆದರೆ ಗಾಡಿ ನಿಲ್ಲಿಸಲಿಲ್ಲ. ಸ್ವಲ್ಪ ಮುಂದೆ ಹೋಗಿ ಅಗಲವಾದ ಕಡೆ ತಿರುಗಿಸಿಕೊಂಡು, ಮತ್ತೆ ಉಕ್ಕಡಗಾತ್ರಿಯ ದಾರಿ ಹಿಡಿದ.

"ಯಾಕೋ? ನಿಲ್ಸಲ್ವಾ?"

"ಪಾಪ, ಅವನ್ನ ಯಾಕ ಕೇಳೋದ್ರಿ ಸಾವ್ಕಾರ್ರೆ," ಅಂದ ಪಾಲಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೋಣಿ ನಮ್ಮ ಭಟ್ಟೀದು. ನಾನು ಕೈಯಾಗ ಹಿಡದಾಗ್ಲೇ ನೋಡಬೇಕಿತ್ತು."

ಸಾವ್ಕಾರ್ರೆ! ಊರೆಲ್ಲ ಹಾಗೆಯೇ ಕರೆಯುತ್ತಿತ್ತು, ಕುಬೇರಪ್ಪನಿಗೆ ಎಂದೂ ಏನೂ ಅನ್ನಿಸಿರಲಿಲ್ಲ. ಈಗ ಪಾಲಯ್ಯನ ಬಾಯಿಂದ ಬಂದಾಗ ಕೆನ್ನೆಗೆ ಹೊಡೆದ ಹಾಗಾಯಿತು.

"ತಪ್ಪಾತೋ ಪಾಲಯ್ಯ," ಅಂದ. "ನಾನೇ ಕಟ್ಟಿದ್ದು. ನೀನು ಮರಳು ಹೊಡೀತಿದೀ ಅಂದ್ಕೊಂಡಿದ್ದೆ. ನಂದು ದೊಡ್ಡ ತಪ್ಪಾತು."

"ತಪ್ಪೇನ್ ಬಂತ್ರಿ. ಗಾಡಿ ನಿಮ್ದು, ನೋಡ್ಕೋಬೇಕಾದ್ದೇ." ಪಾಲಯ್ಯ ಬೊಬ್ಬೆಯೆದ್ದ ಬೆರಳುಗಳನ್ನು ಸ್ಟೇರಿಂಗಿನ ಮೇಲೆ ಸ್ವಲ್ಪ ಸಡಿಲಿಸಿ ಹಿಡಿದ. "ನಿಮ್ಮ ಬೈಕಿನ ಹತ್ರ ಇಳಿಸ್ತೀನ್ರಿ."

ಕೆಲಸ ಬಿಡುತ್ತಾನೆ ಎಂದು ಹೆದರಿದ್ದ ಕುಬೇರಪ್ಪ. ಬಿಡಲಿಲ್ಲ. ಮರುದಿನ ಎಂದಿನ ಹೊತ್ತಿಗೇ ಬಂದ. ಕುಬೇರಪ್ಪ ಅಂದೇ ಗಾಡಿಯನ್ನು ಗ್ಯಾರೇಜಿಗೆ ಕಳಿಸಿ, ಡಬ್ಬಿಯ ಉಳಿದ ವಯರು ಕಿತ್ತೆಸೆಸಿ, ಅಂಜನ್ ಮೊದಲು ಹೇಳಿದ್ದ ಮುಳ್ಳಿನ ಮೀಟರನ್ನೇ ಡ್ರೈವರಿನ ಮುಂದೆ ಹಾಕಿಸಿದ. ಮುಳ್ಳು ಎಂಬತ್ತರ ಆಚೆ ಹೋಗುವುದೇ ಇಲ್ಲ. ಫೋನಿನಲ್ಲಿ ಗಾಡಿ ತೋರಿಸುತ್ತಿದ್ದದ್ದನ್ನೂ ನೇತ್ರಾವತಿಯ ಎದುರಿಗೇ ಅಳಿಸಿ ಹಾಕಿದ.

ಆದರೆ ಪಾಲಯ್ಯ ಒಂದು ಹೊಸ ಪದ್ಧತಿ ಇಟ್ಟುಕೊಂಡ. ಗಾಡಿ ಎಲ್ಲಿ ನಿಂತರೂ ಫೋನು. "ಸಾವ್ಕಾರ್ರೆ, ಗೇಟ್ ಬಿದ್ದೈತ್ರಿ, ರೈಲು ಹೋಗೋ ತನಕ ನಿಲ್ತೀನಿ. ಮುಳ್ಳು ಎಪ್ಪತ್ತರಾಗೆ ಐತ್ರಿ." "ಸಾವ್ಕಾರ್ರೆ, ಒಂದಕ್ಕೆ ಇಳದೀನ್ರಿ, ಎರಡು ನಿಮಿಷ." ಕುಚೋದ್ಯ ಮಾಡುತ್ತಿದ್ದಾನೆ ಎಂದು ಮೊದಮೊದಲು ಅನ್ನಿಸಿತು. ಇರಲಿಲ್ಲ. ಒಪ್ಪಿಸಬೇಕಾದದ್ದನ್ನು ಒಪ್ಪಿಸುತ್ತಿದ್ದ, ಅಷ್ಟೇ. ಗಂಜಿ ಕುಡಿದಿರೋ ಇಲ್ಲವೋ ಎಂದು ಕೇಳುವ ಬಾಯಿ ಅದರಲ್ಲಿ ಎಲ್ಲೋ ಮುಚ್ಚಿಹೋಗಿತ್ತು. ಕುಬೇರಪ್ಪ ಎರಡು ಸಲ ಬೇಡಿಕೊಂಡ, "ಇದೆಲ್ಲಾ ಬ್ಯಾಡೋ ಮಾರಾಯ, ನಾನು ನಿನ್ನ ನಂಬ್ತೀನಿ."

"ಇರ್ಲಿ ಬಿಡ್ರಿ. ಹೇಳಿದ್ರೆ ನಿಮಗೂ ನಿರಾಳ," ಅಂದಿದ್ದ ಪಾಲಯ್ಯ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಮತ್ತೆ ಫೋನು ಬಂತು. ಕುಬೇರಪ್ಪ ಭಟ್ಟಿಯಲ್ಲಿದ್ದ. "ಸಾವ್ಕಾರ್ರೆ, ಬಾತಿಯಾಗೆ ಚಾ ಕುಡಿಯಾಕ ನಿಂತೀನ್ರಿ."

"ಆತು, ಕುಡಿ," ಅಂದ ಕುಬೇರಪ್ಪ. ಅಂದವನು ಫೋನು ಇಡಲಿಲ್ಲ. ಭಟ್ಟಿಯ ಗದ್ದಲದಿಂದ ಹೊರಗೆ ಬಂದು, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಹಿಂದೆ ಚಹಾದ ಗ್ಲಾಸಿನ ಸದ್ದು ಕೇಳುತ್ತದೆಯೋ ಇಲ್ಲವೋ ಎಂದು ಆಲಿಸಿದ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಆ ಕಡೆಯಿಂದ ಪಾಲಯ್ಯ ಮೆಲ್ಲಗೆ ಅಂದ, "ಚಾದಂಗಡಿಯವನಿಗೆ ಫೋನ್ ಕೊಡ್ಲೇನ್ರಿ ಸಾವ್ಕಾರ್ರೆ?"